ಬಿಟ್, ಬೈಟ್, ಹೆಕ್ಸ್, ಬೇಸ್64: ಪದೇ ಪದೇ ಕೇಳೋ ಪ್ರಶ್ನೆಗಳು

ನಂಬರ್ ಸಿಸ್ಟಮ್, ಎನ್‌ಕೋಡಿಂಗ್ ಬಗ್ಗೆ ಹೊಸಬರು ಕೇಳೋ ಪ್ರಶ್ನೆಗಳನ್ನೆಲ್ಲ ಒಂದ್ಕಡೆ ಹಾಕಿದೀನಿ, ಸೆಕ್ಯುರಿಟಿ ಕಲಿಯೋಕೆ ಹೊರಟಿರೋರಿಗೆ ಜಾಸ್ತಿ ಉಪಯೋಗ ಆಗತ್ತೆ. ಬಿಟ್ ಅಂದ್ರೆ ಒಂದು 0 ಅಥವಾ 1, ಅಂಥ ಎಂಟು ಸೇರಿದ್ರೆ ಒಂದು ಬೈಟ್. ಒಂದು ಮಾತು ಮೊದ್ಲೇ ತಲೇಲಿ ಇಟ್ಕೊಳ್ಳಿ: ಬೈಟ್‌ಗೆ ಸ್ವಂತ ಅರ್ಥ ಅಂತ ಏನೂ ಇರಲ್ಲ, ಓದೋ ಪ್ರೋಗ್ರಾಂ ಏನು ಅಂದ್ಕೊಳ್ಳತ್ತೋ ಅದೇ ಅರ್ಥ. ಒಂದೇ ಬೈಟ್‌ಗಳನ್ನ ಎರಡು ಪ್ರೋಗ್ರಾಂ ಎರಡು ಥರ ಓದಿದ್ರೆ, ದಾಳಿ ಮಾಡೋನಿಗೆ ದಾರಿ ಸಿಗೋದೇ ಅಲ್ಲಿ. ಹೆಕ್ಸ್ (ಹದಿನಾರರ ಲೆಕ್ಕ) ಅಕ್ಷರಗಳನ್ನ ಕೆಳಗೆ ಎ, ಬಿ, ಸಿ ಅಂತ ಕನ್ನಡದಲ್ಲೇ ಬರೆದಿದೀನಿ.

ಕಂಪ್ಯೂಟರ್‌ಗೆ 0 ಮತ್ತೆ 1 ಮಾತ್ರ ಯಾಕೆ? ನಾವು ಬಳಸೋ ಹತ್ತು ಅಂಕಿ ಯಾಕಾಗಲ್ಲ?

ಆಗಲ್ಲ ಅಂತೇನಿಲ್ಲ, 1945ರಲ್ಲಿ ರೆಡಿಯಾದ ಎನಿಯಾಕ್ ಅನ್ನೋ ಕಂಪ್ಯೂಟರ್ ಒಳಗಡೆ ಹತ್ತರ ಲೆಕ್ಕದಲ್ಲೇ ಕೆಲಸ ಮಾಡ್ತಿತ್ತು. ಆದ್ರೆ ಒಂದು ತಂತಿಯಲ್ಲಿ ಹತ್ತು ಬೇರೆ ಬೇರೆ ವೋಲ್ಟೇಜ್ ಇಟ್ಟು, ಬಿಸಿ, ನಾಯ್ಸ್, ಹಳೇ ಪಾರ್ಟ್ ಎಲ್ಲಾ ತಡ್ಕೊಂಡು ಪ್ರತಿ ಸಲ ಸರಿಯಾಗಿ ಗುರುತಿಸೋದು ತುಂಬಾ ಕಷ್ಟ, ಎರಡೇ ಮಟ್ಟ ಆದ್ರೆ ಮಧ್ಯೆ ದೊಡ್ಡ ಗ್ಯಾಪ್ ಇರತ್ತೆ, ತಪ್ಪಾಗೋ ಚಾನ್ಸ್ ಕಮ್ಮಿ. ಲೆಕ್ಕ ಹೊಸದೇನಲ್ಲ, ಗಣಿತಜ್ಞ ಲೈಬ್ನಿಟ್ಸ್ 1703ರಲ್ಲೇ ಬೈನರಿ (ಬರೀ 0, 1ರ ಲೆಕ್ಕ) ಬಗ್ಗೆ ಬರೆದು ಪ್ರಕಟಿಸಿದ್ರು. ಬೂಲಿಯನ್ ಬೀಜಗಣಿತವನ್ನ (ನಿಜ, ಸುಳ್ಳು ಅನ್ನೋ ಎರಡೇ ಬೆಲೆಯ ಲೆಕ್ಕ) ಸ್ವಿಚ್ ಸರ್ಕ್ಯೂಟ್‌ಗಳಿಗೆ ಹೊಂದಿಸಬಹುದು ಅಂತ ಕ್ಲಾಡ್ ಶಾನನ್ 1937ರ ತಮ್ಮ ಮಾಸ್ಟರ್ಸ್ ಪ್ರಬಂಧದಲ್ಲಿ ತೋರಿಸಿದ್ಮೇಲೆ ಇಂಜಿನಿಯರ್‌ಗಳಿಗೆ ದಾರಿ ಸ್ಪಷ್ಟ ಆಯ್ತು.

ಬೈನರಿ ಮತ್ತೆ ಮಾಮೂಲಿ ನಂಬರ್ ನಡುವೆ ಬದಲಾಯಿಸೋಕೆ ಸುಲಭ ದಾರಿ ಇದ್ಯಾ?

ಎಡದಿಂದ ಬಲಕ್ಕೆ 128, 64, 32, 16, 8, 4, 2, 1 ಅಂತ ಬರ್ಕೊಳ್ಳಿ, ಅಷ್ಟೇ. 149 ಬೇಕು ಅಂದ್ರೆ 128 ತಗೊಂಡ್ರೆ 21 ಉಳಿಯತ್ತೆ, 16 ತೆಗೆದ್ರೆ 5, ಆಮೇಲೆ 4 ಮತ್ತೆ 1. ತಗೊಂಡಿದ್ದ ಜಾಗಕ್ಕೆಲ್ಲ 1, ಮಿಕ್ಕಿದ್ದಕ್ಕೆ 0 ಹಾಕಿದ್ರೆ 10010101. ವಾಪಸ್ ಬರೋಕೆ 1 ಇರೋ ಜಾಗದ ಬೆಲೆ ಕೂಡಿಸಿದ್ರೆ ಆಯ್ತು. ಎರಡರಿಂದ ಭಾಗಿಸ್ತಾ ಶೇಷ ಬರೆಯೋ ವಿಧಾನ ಪರೀಕ್ಷೆಗೆ ಬೇಕಾಗಬಹುದು, ಕೆಲಸದಲ್ಲಿ ಈ ಎಂಟು ನಂಬರ್ ಬಾಯಿಗೆ ಬಂದ್ರೆ ಸಾಕು.

ಹಾಗಾದ್ರೆ ಹೆಕ್ಸ್ ಯಾಕೆ ಬಂತು?

ಮನುಷ್ಯರಿಗೋಸ್ಕರ. ಕಂಪ್ಯೂಟರ್ ಹೆಕ್ಸ್‌ನಲ್ಲಿ ಯೋಚನೆ ಮಾಡಲ್ಲ, ಉದ್ದುದ್ದ ಸೊನ್ನೆ ಒಂದುಗಳನ್ನ ನೋಡಿ ನೋಡಿ ನಮ್ಮ ಕಣ್ಣು ಸೋಲತ್ತೆ ಅಂತ ನಾಲ್ಕು ನಾಲ್ಕು ಬಿಟ್ ಗುಂಪು ಮಾಡಿ ಒಂದೊಂದು ಅಂಕಿ ಕೊಡ್ತೀವಿ: 0ಯಿಂದ 9, ಆಮೇಲೆ 10ರಿಂದ 15ಕ್ಕೆ ಎ ಇಂದ ಎಫ್. ಮೇಲಿನ 1001 0101 ಅನ್ನೋದು 95 ಆಗತ್ತೆ. ಒಂದು ಬೈಟ್ ಅಂದ್ರೆ ಯಾವಾಗ್ಲೂ ಎರಡೇ ಹೆಕ್ಸ್ ಅಂಕಿ, 00 ಇಂದ ಎಫ್‌ಎಫ್ ತನಕ, ಒಟ್ಟು 256 ಬೆಲೆ. ಈ ಅಚ್ಚುಕಟ್ಟು ಡೆಸಿಮಲ್‌ನಲ್ಲಿ ಸಿಗಲ್ಲ, ಅಲ್ಲಿ ಒಂದು ಬೈಟ್‌ಗೆ ಒಂದಂಕಿನೂ ಬರಬಹುದು ಮೂರಂಕಿನೂ ಬರಬಹುದು. ಅದಕ್ಕೇ ಮೆಮೊರಿ ಅಡ್ರೆಸ್, ನೆಟ್‌ವರ್ಕ್ ಕಾರ್ಡ್‌ನ ಮ್ಯಾಕ್ ಅಡ್ರೆಸ್, ಹೊಸ ಥರದ ಐಪಿ ಅಡ್ರೆಸ್ ಆದ ಐಪಿವಿ6, ಕಲರ್ ಕೋಡ್, ಹ್ಯಾಶ್ (ಡೇಟಾದಿಂದ ಲೆಕ್ಕ ಹಾಕಿ ತೆಗೆದ, ವಾಪಸ್ ತಿರುಗಿಸೋಕಾಗದ ಗುರುತು) ಎಲ್ಲಾ ಹೆಕ್ಸ್‌ನಲ್ಲಿ ಬರೆಯೋದು.

ಆಕ್ಟಲ್ ಈಗ್ಲೂ ಯಾರಾದ್ರೂ ಬಳಸ್ತಾರಾ?

ಲಿನಕ್ಸ್‌ನಲ್ಲಿ ಫೈಲ್ ಪರ್ಮಿಷನ್ 755, 644 ಅಂತ ಕೊಡ್ತೀವಲ್ಲ, ಅದು ಆಕ್ಟಲ್, ಅಂದ್ರೆ 0ಯಿಂದ 7 ತನಕದ ಎಂಟರ ಲೆಕ್ಕ. ಓದೋಕೆ 4, ಬರೆಯೋಕೆ 2, ರನ್ ಮಾಡೋಕೆ 1. ಮಾಲೀಕರಿಗೆ ಒಂದಂಕಿ, ಗುಂಪಿಗೊಂದು, ಮಿಕ್ಕವರಿಗೊಂದು. 777 ಅಂದ್ರೆ ಎಲ್ರಿಗೂ ಎಲ್ಲಾ ಓಪನ್, ಏನೋ ಕೆಲಸ ಮಾಡ್ತಿಲ್ಲ ಅಂತ 777 ಕೊಟ್ಟು ಹಾಗೇ ಬಿಟ್ಟು ಹೋಗೋ ಅಭ್ಯಾಸ ದಯವಿಟ್ಟು ಬೇಡ.

ಆದ್ರೆ ಸೆಕ್ಯುರಿಟಿಯವರು ಆಕ್ಟಲ್ ನೆನಪಿಟ್ಕೋಬೇಕಾಗಿರೋದು ಬೇರೆ ಕಾರಣಕ್ಕೆ. ಸಿ ಭಾಷೆಯ ಕಾಲದಿಂದ ಬಂದ ಒಂದು ಪದ್ಧತಿ ಇದೆ, ನಂಬರ್ ಮುಂದೆ ಸೊನ್ನೆ ಇದ್ರೆ ಅದು ಆಕ್ಟಲ್ ಅಂತ. ಹಾಗಾಗಿ 0177.0.0.1 ಅಂತ ಐಪಿ (ನೆಟ್‌ವರ್ಕ್‌ನಲ್ಲಿ ಮಷಿನ್‌ನ ವಿಳಾಸ) ಬರೆದ್ರೆ ಕೆಲವು ಪ್ರೋಗ್ರಾಂ ಅದನ್ನ 177.0.0.1 ಅಂತ ಓದತ್ತೆ, ಕೆಲವು 127.0.0.1 ಅಂತ, ಅಂದ್ರೆ ಆ ಪ್ರೋಗ್ರಾಂ ಓಡ್ತಿರೋ ಅದೇ ಮಷಿನ್. ಐಪಿನ ನಾಲ್ಕು ಭಾಗ ಮಾಡದೆ 2130706433 ಅಂತ ಒಂದೇ ನಂಬರ್ ಕೊಟ್ರೂ ಎಷ್ಟೋ ಕಡೆ 127.0.0.1ಗೇ ಹೋಗತ್ತೆ, ಯಾಕಂದ್ರೆ ಐಪಿವಿ4 ಅಡ್ರೆಸ್ ಅಂದ್ರೇನೇ 32 ಬಿಟ್‌ನ ಒಂದು ನಂಬರ್. ಈಗ ಯೋಚನೆ ಮಾಡಿ, ಚೆಕ್ ಮಾಡೋ ಕೋಡ್ "ಇದು ಹೊರಗಿನ ಅಡ್ರೆಸ್, ಪರವಾಗಿಲ್ಲ" ಅನ್ನತ್ತೆ, ಕನೆಕ್ಟ್ ಮಾಡೋ ಕೋಡ್ ಸೀದಾ ಒಳಗಿನ ಸರ್ವರ್‌ಗೆ ಹೋಗತ್ತೆ. ಜಾವಾಸ್ಕ್ರಿಪ್ಟ್ ಕೋಡ್ ಹಂಚೋ ಎನ್‌ಪಿಎಂನ ನೆಟ್‌ಮಾಸ್ಕ್ ಪ್ಯಾಕೇಜ್‌ನಲ್ಲಿ 2021ರಲ್ಲಿ ಸಿಕ್ಕಿದ್ದು ಇದೇ ಥರದ ತೊಂದರೆ, ಅದೇ ವರ್ಷ ಪೈಥಾನ್‌ನ ಐಪಿ ಅಡ್ರೆಸ್ ಮಾಡ್ಯೂಲ್‌ನಲ್ಲೂ ಮುಂದಿನ ಸೊನ್ನೆ ವಿಷಯಕ್ಕೇ ಫಿಕ್ಸ್ ಬಂತು.

ಮೈನಸ್ ನಂಬರ್‌ನ ಬರೀ ಬಿಟ್‌ನಲ್ಲಿ ಹೇಗೆ ಇಡ್ತಾರೆ?

ಟೂಸ್ ಕಾಂಪ್ಲಿಮೆಂಟ್ ಅಂತಾರೆ. ಎಲ್ಲಾ ಬಿಟ್ ಉಲ್ಟಾ ಮಾಡಿ 1 ಕೂಡಿಸಿ. 5 ಅಂದ್ರೆ 00000101, ಉಲ್ಟಾ ಮಾಡಿದ್ರೆ 11111010, ಒಂದು ಕೂಡಿಸಿದ್ರೆ 11111011, ಇದು ಮೈನಸ್ 5. ಆದ್ರೆ ಅದೇ 11111011ನ ಸೈನ್ ಇಲ್ಲದ ನಂಬರ್ ಅಂತ ಓದಿದ್ರೆ 251. ಬಿಟ್ ಒಂದೇ, ಓದೋ ರೀತಿ ಎರಡು.

ಇದ್ರಿಂದ ಆಗೋ ಬಗ್ ಹೇಗಿರತ್ತೆ ಅಂದ್ರೆ, ಉದ್ದ 100ಕ್ಕಿಂತ ಕಮ್ಮಿ ಇದ್ಯಾ ಅಂತ ಸೈನ್ ಇರೋ ನಂಬರ್‌ನಲ್ಲಿ ಚೆಕ್ ಮಾಡಿರ್ತಾರೆ, ದಾಳಿಕೋರ ಮೈನಸ್ 1 ಕಳಿಸ್ತಾನೆ, ಚೆಕ್ ಪಾಸ್ ಆಗತ್ತೆ, ಕಾಪಿ ಮಾಡೋ ಫಂಕ್ಷನ್ ಅದನ್ನ ಸೈನ್ ಇಲ್ಲದ 32 ಬಿಟ್ ನಂಬರ್ ಅಂತ ತಗೊಂಡು 4294967295 ಬೈಟ್ ಕಾಪಿ ಮಾಡೋಕೆ ಹೊರಡತ್ತೆ, ಮೆಮೊರಿ ಎಲ್ಲಾ ಎಕ್ಕುಟ್ಟೋಗತ್ತೆ. ದಾಳಿ ಇಲ್ದೆನೂ ಇಂಥದ್ದು ಆಗತ್ತೆ: 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ ಸುಮಾರು 40 ಸೆಕೆಂಡ್ ಒಳಗೆ ನಾಶ ಆಗಿದ್ದಕ್ಕೆ ಮೂಲ ಕಾರಣ 64 ಬಿಟ್ ದಶಾಂಶ ಸಂಖ್ಯೆಯನ್ನ 16 ಬಿಟ್ ಪೂರ್ಣಾಂಕದೊಳಗೆ ತುರುಕೋಕೆ ಹೋಗಿದ್ದು.

2038ರ ಸಮಸ್ಯೆ ನಿಜಾನಾ ಸುಮ್ನೆ ಹೆದರಿಸೋದಾ?

ನಿಜ, ಆದ್ರೆ ಎಲ್ಲಾ ಮಷಿನ್‌ಗೂ ಅಲ್ಲ. ಯುನಿಕ್ಸ್ ಸಮಯ ಅಂದ್ರೆ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡ್. ಅದನ್ನ ಸೈನ್ ಇರೋ 32 ಬಿಟ್‌ನಲ್ಲಿ ಇಟ್ರೆ ಗರಿಷ್ಠ 2147483647, ಆ ಸೆಕೆಂಡ್ ಬರೋದು 2038ರ ಜನವರಿ 19, ಯುಟಿಸಿ (ಜಾಗತಿಕ ಸಮಯ) 03:14:07ಕ್ಕೆ. ಮುಂದಿನ ಸೆಕೆಂಡ್‌ಗೆ ಮೈನಸ್‌ಗೆ ಬಿದ್ದು ಡೇಟ್ 1901ರ ಡಿಸೆಂಬರ್‌ಗೆ ಹೋಗತ್ತೆ. 64 ಬಿಟ್ ಸಮಯ ಬಳಸೋ ಸಿಸ್ಟಮ್‌ಗೆ ಚಿಂತೆ ಇಲ್ಲ. ಹಳೇ ಎಂಬೆಡೆಡ್ ಡಿವೈಸ್ (ಯಂತ್ರಗಳೊಳಗೆ ಕೂತಿರೋ ಸಣ್ಣ ಕಂಪ್ಯೂಟರ್), ಹಳೇ ಫೈಲ್ ಫಾರ್ಮ್ಯಾಟ್, ಡೇಟಾಬೇಸ್ ಕಾಲಂ ಇವೇ ತಲೆನೋವು.

0.1 + 0.2 ಹಾಕಿದ್ರೆ 0.30000000000000004 ಯಾಕೆ ಬರತ್ತೆ?

ಹತ್ತರ ಲೆಕ್ಕದಲ್ಲಿ 1/3 ಬರೆಯೋಕೆ ಹೋದ್ರೆ 0.333 ಅಂತ ಮುಗಿಯೋದೇ ಇಲ್ಲ ಅಲ್ವಾ, ಎರಡರ ಲೆಕ್ಕದಲ್ಲಿ 1/10 ಕೂಡ ಹಾಗೇ ಮುಗಿಯಲ್ಲ. ಎಲ್ಲೋ ಒಂದ್ಕಡೆ ಕತ್ತರಿಸಲೇಬೇಕು, ಕತ್ತರಿಸಿದ ಚೂರು ಆಮೇಲೆ ಕಾಣಿಸ್ಕೊಳ್ಳತ್ತೆ. ಚಿಕ್ಕದು ಅಂತ ಬಿಡೋ ಹಾಗಿಲ್ಲ. 1991ರ ಫೆಬ್ರವರಿ 25ರಂದು ಸೌದಿಯ ಧಹ್ರಾನ್‌ನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಬರ್ತಿದ್ದ ಇರಾಕಿನ ಸ್ಕಡ್ ಕ್ಷಿಪಣಿನ ತಡೆಯೋಕೆ ಆಗ್ಲಿಲ್ಲ, 28 ಜನ ಅಮೆರಿಕನ್ ಸೈನಿಕರು ಸತ್ರು. ಸಮಯವನ್ನ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಎಣಿಸಿ, 24 ಬಿಟ್‌ಗೆ ಕತ್ತರಿಸಿದ 0.1ರಿಂದ ಗುಣಿಸ್ತಿದ್ರು, ಸಿಸ್ಟಮ್ ಸುಮಾರು 100 ಗಂಟೆ ಆಫ್ ಮಾಡದೆ ಓಡಿತ್ತು, ತಪ್ಪು ಸೇರಿ ಸೇರಿ ಸುಮಾರು 0.34 ಸೆಕೆಂಡ್ ಆಗಿತ್ತು. ಸ್ಕಡ್ ಅಷ್ಟು ಹೊತ್ತಿಗೆ ಅರ್ಧ ಕಿಲೋಮೀಟರ್‌ಗಿಂತ ಜಾಸ್ತಿ ದೂರ ಹೋಗತ್ತೆ.

ದುಡ್ಡಿನ ಲೆಕ್ಕ ಬರೆಯೋ ಕೋಡ್‌ನಲ್ಲಿ ಫ್ಲೋಟ್ (ಇಂಥ ದಶಾಂಶ ಸಂಖ್ಯೆ) ಬಳಸ್ಬೇಡಿ, ಅತಿ ಸಣ್ಣ ಯೂನಿಟ್‌ನ ಪೂರ್ಣಾಂಕದಲ್ಲಿ ಇಡಿ.

ಆಸ್ಕಿ, ಯೂನಿಕೋಡ್, ಯುಟಿಎಫ್-8 ಮೂರೂ ಒಂದೇನಾ?

ಅಲ್ಲ. ಆಸ್ಕಿ ಅಂದ್ರೆ ಅಕ್ಷರಗಳಿಗೆ ನಂಬರ್ ಕೊಟ್ಟಿರೋ ಹಳೇ ಪಟ್ಟಿ, 1963ರದ್ದು, 7 ಬಿಟ್, 128 ಜಾಗ, ಇಂಗ್ಲಿಷ್‌ಗೆ ಮಾತ್ರ. ದೊಡ್ಡ ಎ 65, ಸಣ್ಣ ಎ 97, ವ್ಯತ್ಯಾಸ 32, ಅಂದ್ರೆ ಒಂದೇ ಒಂದು ಬಿಟ್ ತಿರುಗಿಸಿದ್ರೆ ದೊಡ್ಡಕ್ಷರ ಸಣ್ಣಕ್ಷರ ಆಗತ್ತೆ, ಚೆನ್ನಾಗಿ ಯೋಚಿಸಿ ಮಾಡಿದ ಡಿಸೈನ್ ಅದು.

ಯೂನಿಕೋಡ್ ಅಂದ್ರೆ ಪ್ರಪಂಚದ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಟ್ಟಿರೋ ಪಟ್ಟಿ, ಮೊದಲ ಆವೃತ್ತಿ ಬಂದಿದ್ದು 1991ರಲ್ಲಿ. ಕನ್ನಡದ ಬ್ಲಾಕ್ 0ಸಿ80 ಇಂದ 0ಸಿಎಫ್‌ಎಫ್ ತನಕ, "ಕ" ಅಕ್ಷರದ ನಂಬರ್ 0ಸಿ95. ಆದ್ರೆ ಆ ನಂಬರ್‌ನ ಫೈಲ್‌ನಲ್ಲಿ ಯಾವ ಬೈಟ್‌ಗಳಾಗಿ ಇಡ್ಬೇಕು ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ಒಂದು ಉತ್ತರ ಯುಟಿಎಫ್-8. ಕೆನ್ ಥಾಂಪ್ಸನ್ ಮತ್ತೆ ರಾಬ್ ಪೈಕ್ ಅನ್ನೋ ಪ್ರೋಗ್ರಾಮರ್‌ಗಳು 1992ರ ಸೆಪ್ಟೆಂಬರ್‌ನಲ್ಲಿ ಒಂದು ಹೋಟೆಲ್‌ನಲ್ಲಿ ಊಟದ ತಟ್ಟೆ ಕೆಳಗೆ ಹಾಸೋ ಪೇಪರ್ ಮೇಲೆ ಬರೆದು ಮಾಡಿದ ಡಿಸೈನ್. ಇಂಗ್ಲಿಷ್ ಅಕ್ಷರ ಆಸ್ಕಿಯಲ್ಲಿದ್ದ ಹಾಗೇ 1 ಬೈಟ್, ಕನ್ನಡದ್ದು 3 ಬೈಟ್, ಇಮೋಜಿಗಳಲ್ಲಿ ಹೆಚ್ಚಿನವು ಕಮ್ಮಿ ಅಂದ್ರೂ 4 ಬೈಟ್. "ಕ" ಆಗೋದು ಇ0 ಬಿ2 95, ನೋಡಿ ನಮ್ಮ ಹಳೇ 149 ಇಲ್ಲೂ ಬಂತು.

"ಕನ್ನಡ" ಅನ್ನೋ ಪದದಲ್ಲಿ ಎಷ್ಟು ಅಕ್ಷರ?

ಕಣ್ಣಿಗೆ 3. ಯೂನಿಕೋಡ್‌ಗೆ 5, ಯಾಕಂದ್ರೆ ನ್ನ ಅನ್ನೋದು ನ, ಹಲಂತ, ಇನ್ನೊಂದು ನ. ಯುಟಿಎಫ್-8ನಲ್ಲಿ 15 ಬೈಟ್. ಪ್ರೋಗ್ರಾಂನಲ್ಲಿ ಉದ್ದ ಕೇಳಿದ್ರೆ ಭಾಷೆಯಿಂದ ಭಾಷೆಗೆ ಬೇರೆ ಉತ್ತರ ಬರತ್ತೆ. 20 ಅಕ್ಷರ ಅಂತ ಮಿತಿ ಹಾಕಿ 20 ಬೈಟ್‌ಗೆ ಕತ್ತರಿಸಿದ್ರೆ ಒಂದು ಅಕ್ಷರದ ನಟ್ಟನಡುವೆ ಕತ್ತರಿ ಬೀಳತ್ತೆ, ಕೊನೇಲಿ ಪ್ರಶ್ನೆಚಿಹ್ನೆ ಇರೋ ಕಪ್ಪು ಡೈಮಂಡ್ ಕಾಣಿಸತ್ತಲ್ಲ, ಅದು ಹಾಗೇ ಬರೋದು.

ಎಸ್‌ಎಂಎಸ್‌ನಲ್ಲೂ ಇದೇ ಕಥೆ. ಒಂದು ಎಸ್‌ಎಂಎಸ್‌ಗೆ ಜಾಗ 140 ಬೈಟ್, ಇಂಗ್ಲಿಷ್‌ಗೆ 7 ಬಿಟ್ ಲೆಕ್ಕದಲ್ಲಿ 160 ಅಕ್ಷರ ಹಿಡಿಸತ್ತೆ, ಕನ್ನಡ ಟೈಪ್ ಮಾಡಿದ ಕೂಡ್ಲೇ 16 ಬಿಟ್‌ಗೆ ಹೋಗಿ 70ಕ್ಕೆ ಇಳಿಯತ್ತೆ, ಅದರಲ್ಲೂ ಒತ್ತಕ್ಷರ, ಗುಣಿತ ಎಲ್ಲಾ ಬೇರೆ ಬೇರೆ ಎಣಿಕೆ.

ಕನ್ನಡ ಫೈಲ್ ಓಪನ್ ಮಾಡಿದ್ರೆ ಗೀಟು ಹಾಕಿದ ಇಂಗ್ಲಿಷ್ ಎ ಮತ್ತೆ ಪುಟ್ಟ ² ³ ಗಳೇ ತುಂಬಿರತ್ತೆ. ಫೈಲ್ ಹಾಳಾಯ್ತಾ?

ಹಾಳಾಗಿಲ್ಲ, ಗಾಬರಿ ಬೇಡ, ಮುಖ್ಯವಾಗಿ ಸೇವ್ ಮಾಡ್ಬೇಡಿ. ಯುಟಿಎಫ್-8 ಫೈಲ್‌ನ ಪ್ರೋಗ್ರಾಂ ಯಾವುದೋ ಹಳೇ ಪಶ್ಚಿಮ ಯುರೋಪಿನ ಎನ್‌ಕೋಡಿಂಗ್ ಅಂದ್ಕೊಂಡು ಓದ್ತಿದೆ. ಕನ್ನಡದ ಪ್ರತಿ ಅಕ್ಷರ ಇ0 ಬಿ2 ಅಥವಾ ಇ0 ಬಿ3 ಇಂದ ಶುರು ಆಗತ್ತೆ. ಆ ಹಳೇ ಪಟ್ಟಿಯಲ್ಲಿ ಇ0 ಅಂದ್ರೆ ಗೀಟಿರೋ ಎ, ಬಿ2 ಅಂದ್ರೆ ಮೇಲೆ ಬರೆಯೋ ², ಬಿ3 ಅಂದ್ರೆ ³. ಹಾಗಾಗಿ ಈ ಮೂರು ಪದೇ ಪದೇ ಕಂಡ್ರೆ ಒಳಗಿರೋದು ಕನ್ನಡ ಅಂತ ಕಣ್ಮುಚ್ಚಿ ಹೇಳಬಹುದು. ಎನ್‌ಕೋಡಿಂಗ್ ಯುಟಿಎಫ್-8 ಅಂತ ಆರಿಸಿ ಮತ್ತೆ ಓಪನ್ ಮಾಡಿ. ಆದ್ರೆ ಎಲ್ಲಾ ಕಡೆ ಬರೀ ಪ್ರಶ್ನೆಚಿಹ್ನೆ ಕಾಣ್ತಿದ್ರೆ ಮಾತ್ರ ಕಷ್ಟ, ಸೇವ್ ಮಾಡೋವಾಗ್ಲೇ ಮೂಲ ಬೈಟ್ ಹೋಗಿರತ್ತೆ.

ಪಾಸ್‌ವರ್ಡ್ ಕನ್ನಡದಲ್ಲಿ ಇಟ್ರೆ ಜಾಸ್ತಿ ಸೇಫಾ?

ಊಹಿಸೋದು ಕಷ್ಟ ಆಗಬಹುದು, ಆದ್ರೆ ಎರಡು ಗುಂಡಿ ಇದೆ. ಮೊದಲ್ನೇದು, ಪಾಸ್‌ವರ್ಡ್ ಹ್ಯಾಶ್ ಮಾಡೋಕೆ ತುಂಬಾ ಕಡೆ ಬಳಸೋ ಬಿಕ್ರಿಪ್ಟ್ 72 ಬೈಟ್ ತನಕ ಮಾತ್ರ ನೋಡತ್ತೆ, ಕನ್ನಡದಲ್ಲಿ ಅದು 24 ಯೂನಿಕೋಡ್ ಅಕ್ಷರ, ಒತ್ತು ಗುಣಿತ ಎಲ್ಲಾ ಸೇರಿ. ಉದ್ದದ ಪಾಸ್‌ಫ್ರೇಸ್‌ನ (ವಾಕ್ಯದ ಥರದ ಪಾಸ್‌ವರ್ಡ್) ಹಿಂದಿನ ಅರ್ಧ ಲೆಕ್ಕಕ್ಕೇ ಬರದೆ ಹೋಗಬಹುದು.

ಎರಡನೇದು ಇನ್ನೂ ಕಿರಿಕಿರಿ. "ಕೋ" ಅನ್ನೋದನ್ನ ಕ ಜೊತೆ ಓಕಾರದ ಒಂದೇ ಚಿಹ್ನೆಯಾಗೂ ಇಡಬಹುದು, 6 ಬೈಟ್. ಅದೇ ಓಕಾರವನ್ನ ಎಕಾರದ ಚಿಹ್ನೆ, ಊಕಾರದ ಕೊಂಬು, ದೀರ್ಘದ ಗುರುತು ಅಂತ ಬಿಡಿಸಿ ಇಟ್ರೆ 12 ಬೈಟ್. ಸ್ಕ್ರೀನ್ ಮೇಲೆ ಎರಡೂ ಒಂದೇ ಥರ, ಹ್ಯಾಶ್ ಮಾತ್ರ ಪೂರ್ತಿ ಬೇರೆ. ಒಂದು ಡಿವೈಸ್‌ನಲ್ಲಿ ಲಾಗಿನ್ ಆಗತ್ತೆ, ಇನ್ನೊಂದರಲ್ಲಿ ಆಗಲ್ಲ, ನೀವು ಕೀಬೋರ್ಡ್‌ನ ಬೈಕೊಂಡು ಕೂರ್ತೀರ. ಸರ್ವರ್ ಬರೆಯೋರು ಹ್ಯಾಶ್ ಮಾಡೋ ಮೊದ್ಲು ಯೂನಿಕೋಡ್ ನಾರ್ಮಲೈಸೇಷನ್ (ಎಲ್ಲಾನೂ ಒಂದೇ ರೂಪಕ್ಕೆ ತರೋದು) ಮಾಡಿದ್ರೆ ಈ ಗೋಳು ಇರಲ್ಲ.

ಬೇಸ್64 ಎನ್‌ಕ್ರಿಪ್ಶನ್ ತಾನೇ?

ಅಲ್ಲ, ಅಲ್ಲ, ಅಲ್ಲ. ಬೀಗ ಹಾಕೋದಲ್ಲ ಅದು, ಸಾಗಿಸೋಕೆ ಮಾಡೋ ಪ್ಯಾಕಿಂಗ್. ಹಳೇ ಇಮೇಲ್ ವ್ಯವಸ್ಥೆ 7 ಬಿಟ್ ಟೆಕ್ಸ್ಟ್ ಮಾತ್ರ ನಂಬಿಕೆಯಿಂದ ಸಾಗಿಸ್ತಿತ್ತು, ಫೋಟೋ ಥರದ ಬೈನರಿ ಕಳಿಸೋಕೆ ಎಲ್ಲಾ ಕಡೆ ಸುರಕ್ಷಿತವಾಗಿ ದಾಟೋ 64 ಅಕ್ಷರ ಆರಿಸ್ಕೊಂಡ್ರು. 3 ಬೈಟ್ ಅಂದ್ರೆ 24 ಬಿಟ್, ಅದನ್ನ ಆರಾರು ಬಿಟ್‌ನ 4 ತುಂಡು ಮಾಡಿ ಪ್ರತಿ ತುಂಡಿಗೂ ಒಂದು ಅಕ್ಷರ. ಹಾಗಾಗಿ ಸೈಜ್ ಮೂರನೇ ಒಂದು ಭಾಗ ಜಾಸ್ತಿ ಆಗತ್ತೆ. ಕೊನೇಲಿ ಒಂದೇ ಬೈಟ್ ಉಳಿದ್ರೆ ಎರಡು = ಗುರುತು, ಎರಡು ಉಳಿದ್ರೆ ಒಂದು =. ಕೀ ಇಲ್ಲ, ಗುಟ್ಟು ಇಲ್ಲ, ಯಾರು ಬೇಕಾದ್ರೂ ವಾಪಸ್ ತಿರುಗಿಸ್ಬಹುದು.

ಇಷ್ಟು ಗೊತ್ತಿದ್ರೂ ಜನ ಎಡವೋ ಜಾಗಗಳಿವೆ. ಎಚ್‌ಟಿಟಿಪಿ ಬೇಸಿಕ್ ಲಾಗಿನ್‌ನಲ್ಲಿ ಹೆಸರು, ಪಾಸ್‌ವರ್ಡ್ ಬರೀ ಬೇಸ್64ನಲ್ಲಿ ಹೋಗತ್ತೆ, ಕೆಳಗಡೆ ಟಿಎಲ್‌ಎಸ್ (ಕನೆಕ್ಷನ್‌ಗೆ ಹಾಕೋ ಎನ್‌ಕ್ರಿಪ್ಶನ್) ಇಲ್ದಿದ್ರೆ ದಾರಿಯಲ್ಲಿರೋರಿಗೆಲ್ಲ ಕಾಣತ್ತೆ. ಸರ್ವರ್‌ಗಳಲ್ಲಿ ಪ್ರೋಗ್ರಾಂ ನಡೆಸೋ ಕುಬರ್ನೆಟಿಸ್‌ನ ಸೀಕ್ರೆಟ್ ಫೈಲ್‌ನಲ್ಲಿರೋದೂ ಬೇಸ್64ನೇ, ಅದನ್ನ ಕೋಡ್ ಇಡೋ ಗಿಟ್‌ಗೆ ಹಾಕಿದ್ರೆ ಪಾಸ್‌ವರ್ಡ್ ಹಾಕಿದ ಹಾಗೇ. ಲಾಗಿನ್ ಆದವರಿಗೆ ಕೊಡೋ ಜೆಡಬ್ಲ್ಯೂಟಿ ಟೋಕನ್‌ನ ಮಧ್ಯದ ಭಾಗವನ್ನ ಯಾರು ಬೇಕಾದ್ರೂ ಓದಬಹುದು, ಸಹಿ ಇರೋದು ಬದಲಾಯಿಸದ ಹಾಗೆ ತಡೆಯೋಕೆ ಮಾತ್ರ, ಬಚ್ಚಿಡೋಕಲ್ಲ.

ಹಾಗಾದ್ರೆ ಎನ್‌ಕೋಡಿಂಗ್, ಎನ್‌ಕ್ರಿಪ್ಶನ್, ಹ್ಯಾಶಿಂಗ್ ವ್ಯತ್ಯಾಸ ಒಂದೇ ಮಾತಲ್ಲಿ?

ಎನ್‌ಕೋಡಿಂಗ್‌ನ ಯಾರು ಬೇಕಾದ್ರೂ ತಿರುಗಿಸ್ಬಹುದು, ಎನ್‌ಕ್ರಿಪ್ಶನ್‌ನ ಕೀ ಇರೋರು ಮಾತ್ರ, ಹ್ಯಾಶ್‌ನ ಯಾರೂ ತಿರುಗಿಸೋಕಾಗಲ್ಲ. "ಹ್ಯಾಶ್ ಡಿಕ್ರಿಪ್ಟ್ ಮಾಡಿಕೊಡಿ" ಅಂತ ಕೇಳೋರಿಗೆ ಇದೇ ಉತ್ತರ. ಹ್ಯಾಶ್ ಒಡೆಯೋ ಟೂಲ್‌ಗಳು ಊಹೆ ಮಾಡಿ ಮಾಡಿ ಹೋಲಿಸಿ ನೋಡತ್ತೆ ಅಷ್ಟೇ. ಯಾವ ಹ್ಯಾಶ್ ಅಂತ ಅಂದಾಜು ಮಾಡೋಕೆ ಹೆಕ್ಸ್ ಅಂಕಿ ಎಣಿಸಿ: 32 ಇದ್ರೆ ಎಂಡಿ5 ಇರಬಹುದು, 40 ಇದ್ರೆ ಎಸ್‌ಎಚ್‌ಎ-1, 64 ಇದ್ರೆ ಎಸ್‌ಎಚ್‌ಎ-256. ಒಂದಂಕಿಗೆ 4 ಬಿಟ್, 256 ಭಾಗಿಸು 4, ಲೆಕ್ಕ ಸರಿ ಹೋಯ್ತಲ್ಲ.

ಲಿಂಕ್‌ನಲ್ಲಿ %20, %27 ಅಂತೆಲ್ಲ ಬರತ್ತಲ್ಲ, ಅದೇನು?

ಯುಆರ್‌ಎಲ್‌ನಲ್ಲಿ ನೇರವಾಗಿ ಹಾಕೋಕಾಗದ ಬೈಟ್‌ನ % ಗುರುತು ಮತ್ತೆ ಎರಡು ಹೆಕ್ಸ್ ಅಂಕಿಯಾಗಿ ಬರೆಯೋದು. ಖಾಲಿ ಜಾಗ %20, ಒಂಟಿ ಉದ್ಧರಣ ಚಿಹ್ನೆ %27, % ಗುರುತಿಗೇ %25.

ಕೊನೇದನ್ನ ಸ್ವಲ್ಪ ನಿಧಾನವಾಗಿ ನೋಡಿ. %2527 ಅಂತ ಕಳಿಸಿದ್ರೆ ಒಂದು ಸಲ ಡಿಕೋಡ್ ಮಾಡಿದಾಗ %27, ಇನ್ನೊಂದು ಸಲ ಮಾಡಿದಾಗ '. ಫೈರ್‌ವಾಲ್ ಒಂದು ಸಲ ಡಿಕೋಡ್ ಮಾಡಿ, ಉದ್ಧರಣ ಚಿಹ್ನೆ ಇಲ್ಲ ಅಂತ ಬಿಟ್ಬಿಡತ್ತೆ, ಹಿಂದಿರೋ ಅಪ್ಲಿಕೇಶನ್ ಇನ್ನೊಂದು ಸಲ ಡಿಕೋಡ್ ಮಾಡಿ ಸೀದಾ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಕೊಡೋ ಆದೇಶ) ಒಳಗೆ ಹಾಕತ್ತೆ, ಅಲ್ಲಿ ಆ ಚಿಹ್ನೆ ಆದೇಶನೇ ಬದಲಾಯಿಸ್ಬಹುದು. ಇದು ಪುಸ್ತಕದ ಬದನೆಕಾಯಿ ಅಲ್ಲ. 2000ದಲ್ಲಿ ಮೈಕ್ರೋಸಾಫ್ಟ್‌ನ ಐಐಎಸ್ ವೆಬ್ ಸರ್ವರ್‌ನಲ್ಲಿ ಇದರ ಹತ್ತಿರದ ಸಂಬಂಧಿ ಸಿಕ್ತು: ಫೋಲ್ಡರ್ ಬೇರೆ ಮಾಡೋ / ಗುರುತು ಒಂದೇ ಬೈಟ್‌ದು, ಅದನ್ನ ಬೇಕೂಂತ ಯುಟಿಎಫ್-8ನ ಎರಡು ಬೈಟ್ ರೂಪಕ್ಕೆ ಎಳೆದು ಸಿ0 ಎಎಫ್ ಅಂತ ಕಳಿಸಿದ್ರೆ, ಚೆಕ್ ಮಾಡೋ ಭಾಗಕ್ಕೆ ಅದು / ಅಂತ ಗೊತ್ತಾಗ್ತಿರ್ಲಿಲ್ಲ, ಫೈಲ್ ತೆಗೆಯೋ ಭಾಗಕ್ಕೆ ಗೊತ್ತಾಗ್ತಿತ್ತು. ವೆಬ್ ಫೋಲ್ಡರ್‌ನಿಂದ ಆಚೆ ಹಾರಿ ಕಮಾಂಡ್ ರನ್ ಮಾಡೋಕೆ ಸಾಧ್ಯ ಆಯ್ತು. 2001ರಲ್ಲಿ ಅದೇ ಸರ್ವರ್‌ನಲ್ಲಿ ಎರಡು ಸಲ ಡಿಕೋಡ್ ಆಗೋ ಬಗ್ ಕೂಡ ಸಿಕ್ತು, ಆ ವರ್ಷ ಸೆಪ್ಟೆಂಬರ್‌ನಲ್ಲಿ ಹಬ್ಬಿದ ನಿಮ್ಡಾ ವರ್ಮ್ (ತಾನಾಗೇ ಹರಡೋ ಮಾಲ್‌ವೇರ್) ಇಂಥಾ ತೂತುಗಳನ್ನೇ ಬಳಸ್ಕೊಂಡಿತು. ಹಾಗೆ ಎಳೆದು ಬರೆದ ರೂಪನ ಒಪ್ಪಲೇಬಾರದು ಅಂತ ಈಗಿನ ಯುಟಿಎಫ್-8 ನಿಯಮ.

ಕೋಡ್ ಬರೆಯೋರು ಪಾಲಿಸ್ಬೇಕಾದ ಕ್ರಮ: ಮೊದ್ಲು ಪೂರ್ತಿ ಡಿಕೋಡ್ ಮಾಡಿ, ಒಂದೇ ಸಲ, ಆಮೇಲೆ ಚೆಕ್ ಮಾಡಿ, ಚೆಕ್ ಮಾಡಿದ್ದನ್ನೇ ಬಳಸಿ. ಚೆಕ್ ಆದ್ಮೇಲೆ ಮತ್ತೆ ಡಿಕೋಡ್ ಮಾಡಿದ್ರೆ ಚೆಕ್ ಮಾಡಿದ್ದು ದಂಡ.

ಫೈಲ್ ಹೆಸರಿನ ಕೊನೇಲಿ ಪಿಡಿಎಫ್ ಅಂತಿದ್ರೆ ಅದು ಪಿಡಿಎಫ್ ತಾನೇ?

ಹೆಸರು ಯಾರು ಏನು ಬೇಕಾದ್ರೂ ಇಡಬಹುದು, ಮೊದಲ ಬೈಟ್‌ಗಳನ್ನ ನೋಡಿ. ಪಿಡಿಎಫ್ ಶುರುವಾಗೋದು 25 50 44 46 ಇಂದ, ಜಿಪ್ 50 4ಬಿ 03 04 ಇಂದ, ವಿಂಡೋಸ್ ಪ್ರೋಗ್ರಾಂ 4ಡಿ 5ಎ ಇಂದ. ಜಿಪ್‌ನ ಮೊದಲೆರಡು ಬೈಟ್ ಅದನ್ನ ಮಾಡಿದ ಫಿಲ್ ಕಾಟ್ಜ್ ಅವರ ಇನಿಷಿಯಲ್ಸ್, ವಿಂಡೋಸ್‌ದು ಮೈಕ್ರೋಸಾಫ್ಟ್‌ನ ಮಾರ್ಕ್ ಜ್ಬಿಕೋವ್ಸ್ಕಿ ಅವರದ್ದು, ಲಕ್ಷಾಂತರ ಫೈಲ್ ಮೇಲೆ ಸಹಿ ಹಾಕಿ ಕೂತಿದಾರೆ ಮಹಾಶಯರು.

ಇದೂ ಪೂರ್ತಿ ಗ್ಯಾರಂಟಿ ಅಲ್ಲ, ಜಿಪ್‌ನ ವಿಷಯಸೂಚಿ ಫೈಲ್‌ನ ಕೊನೇಲಿರತ್ತೆ, ಹಾಗಾಗಿ ಮುಂದಿನಿಂದ ಓದಿದ್ರೆ ಫೋಟೋ, ಹಿಂದಿನಿಂದ ಓದಿದ್ರೆ ಜಿಪ್ ಆಗೋ ಫೈಲ್ ಕೂಡ ಮಾಡಬಹುದು. ಯೂನಿಕೋಡ್‌ನಲ್ಲಿ 202ಇ ಅಂತ ಒಂದು ಕಾಣದ ಗುರುತು ಬೇರೆ ಇದೆ, ಅದಾದ್ಮೇಲೆ ಬರೋದನ್ನ ಬಲದಿಂದ ಎಡಕ್ಕೆ ತೋರಿಸತ್ತೆ. ಅರೇಬಿಕ್, ಹೀಬ್ರೂ ಲಿಪಿಗಳ ಅನುಕೂಲಕ್ಕೆ ಇರೋದು, ಮೋಸಗಾರರು ಅದನ್ನ ಫೈಲ್ ಹೆಸರಿನಲ್ಲಿ ತುರುಕಿ, ರನ್ ಆಗೋ ಪ್ರೋಗ್ರಾಂನ ಪಿಡಿಎಫ್ ಥರ ಕಾಣಿಸ್ತಾರೆ.

ಲಿಟಲ್ ಎಂಡಿಯನ್, ಬಿಗ್ ಎಂಡಿಯನ್?

ಒಂದು ನಂಬರ್‌ನ ಬೈಟ್‌ಗಳನ್ನ ಯಾವ ಕ್ರಮದಲ್ಲಿ ಇಡೋದು ಅನ್ನೋ ವಿಷಯ ಇದು. ಹೆಕ್ಸ್ 12345678ನ ಮೆಮೊರಿಯಲ್ಲಿ 12 34 56 78 ಅಂತ ಇಟ್ರೆ ಬಿಗ್, 78 56 34 12 ಅಂತ ಇಟ್ರೆ ಲಿಟಲ್. ಇಂಟೆಲ್ ಥರದ ಪ್ರೊಸೆಸರ್ ಲಿಟಲ್, ನೆಟ್‌ವರ್ಕ್ ಪ್ರೋಟೋಕಾಲ್ ಬಿಗ್. ಮರೆತು ಓದಿದ್ರೆ ಪೋರ್ಟ್ (ಮಷಿನ್‌ನ ಯಾವ ಸೇವೆ ಅಂತ ಹೇಳೋ ನಂಬರ್) 80 ಅನ್ನೋದು 20480 ಆಗಿ ಕಾಣತ್ತೆ.

1 ಟಿಬಿ ಡಿಸ್ಕ್ ತಗೊಂಡ್ರೆ 931 ಜಿಬಿ ತೋರಿಸತ್ತೆ, ಮೋಸ ಅಲ್ವಾ?

ಡಿಸ್ಕ್ ಮಾಡೋರು 1000ದ ಲೆಕ್ಕ ಹಾಕ್ತಾರೆ, ವಿಂಡೋಸ್ 1024ರ ಲೆಕ್ಕ ಹಾಕಿ ಅದನ್ನೇ ಜಿಬಿ ಅಂತ ಕರೆಯತ್ತೆ. 1024ರ ಲೆಕ್ಕಕ್ಕೆ ಗಿಬಿಬೈಟ್ ಅಂತ ಬೇರೆ ಹೆಸರು 1998ರಲ್ಲೇ ಬಂದಿದೆ, ಮಾತಲ್ಲಿ ಯಾರೂ ಬಳಸಲ್ಲ.

ಲಾಗ್‌ನಲ್ಲಿ ಅರ್ಥ ಆಗದ ಉದ್ದದ ಸ್ಟ್ರಿಂಗ್ ಸಿಕ್ಕಿದೆ, ಎಲ್ಲಿಂದ ಶುರು ಮಾಡ್ಲಿ?

ಯಾವ ಅಕ್ಷರಗಳಿವೆ ಅಂತ ಮೊದ್ಲು ನೋಡಿ. 0-9 ಮತ್ತೆ ಎ-ಎಫ್ ಮಾತ್ರ, ಸಮಸಂಖ್ಯೆ ಉದ್ದ, ಹೆಕ್ಸ್ ಇರಬಹುದು. ದೊಡ್ಡಕ್ಷರ ಸಣ್ಣಕ್ಷರ ಬೆರೆತು + / ಇದ್ದು ಕೊನೇಲಿ = ಇದ್ರೆ ಬೇಸ್64. ಅದರಲ್ಲಿ ದೊಡ್ಡ ಎ ವಿಪರೀತ ಜಾಸ್ತಿ ಇದ್ರೆ ಕಿವಿ ನೆಟ್ಟಗೆ ಮಾಡಿ. ವಿಂಡೋಸ್‌ನ ಕಮಾಂಡ್ ಟೂಲ್ ಪವರ್‌ಶೆಲ್‌ಗೆ ಎನ್‌ಕೋಡ್ ಮಾಡಿ ಕೊಡೋ ಕಮಾಂಡ್ ಯುಟಿಎಫ್-16ನಲ್ಲಿರತ್ತೆ (ಒಂದಕ್ಷರಕ್ಕೆ ಕಮ್ಮಿ ಅಂದ್ರೂ 2 ಬೈಟ್), ಇಂಗ್ಲಿಷ್ ಅಕ್ಷರ ಆದ್ರೆ ಪ್ರತಿ ಎರಡನೇ ಬೈಟ್ ಸೊನ್ನೆ, ಸೊನ್ನೆ ಬಿಟ್‌ಗಳು ಬೇಸ್64ನಲ್ಲಿ ಎ ಆಗಿ ಕಾಣತ್ತೆ. ಮಾಲ್‌ವೇರ್‌ನವರ ಅಚ್ಚುಮೆಚ್ಚಿನ ದಾರಿ ಅದು. ಡಿಕೋಡ್ ಮಾಡಿದ್ಮೇಲೂ ಕಸ ಕಾಣ್ತಿದ್ರೆ ಮೊದಲ ಬೈಟ್ ನೋಡಿ, ಜಿಪ್ ಆಗಿರಬಹುದು, ಎಕ್ಸ್‌ಒಆರ್ (ಒಂದು ಕೀ ಜೊತೆ ಬಿಟ್‌ಗಳನ್ನ ಬೆರೆಸೋದು) ಮಾಡಿರಬಹುದು, ಒಂದರೊಳಗೊಂದು ಮೂರ್ನಾಲ್ಕು ಪದರ ಇರೋದು ಮಾಮೂಲಿ.

ಬ್ರಿಟನ್‌ನ ಗೂಢಚಾರ ಸಂಸ್ಥೆ ಜಿಸಿಎಚ್‌ಕ್ಯೂ ಬಿಟ್ಟಿರೋ ಸೈಬರ್‌ಶೆಫ್ ಅನ್ನೋ ಡಿಕೋಡ್ ಟೂಲ್ ಉಚಿತ, ಬ್ರೌಸರ್ ಒಳಗೇ ಕೆಲಸ ಮಾಡತ್ತೆ, ಡೌನ್‌ಲೋಡ್ ಮಾಡಿ ನೆಟ್ ಇಲ್ದೆನೂ ಬಳಸಬಹುದು. ಗೂಗಲ್‌ನಲ್ಲಿ ಮೊದ್ಲು ಸಿಗೋ ಯಾವುದೋ ಆನ್‌ಲೈನ್ ಡಿಕೋಡರ್‌ಗೆ ಆಫೀಸಿನ ಟೋಕನ್, ಲಾಗ್ ಪೇಸ್ಟ್ ಮಾಡ್ಬೇಡಿ, ಅದು ಆ ಸೈಟ್‌ನ ಸರ್ವರ್‌ಗೆ ಹೋಗಿ ಅಲ್ಲೇ ಉಳಿಯಬಹುದು. ಆಗ್ಲೇ ಪೇಸ್ಟ್ ಮಾಡಿಬಿಟ್ಟಿದ್ರೆ ಆ ಟೋಕನ್ ಇವತ್ತೇ ಕ್ಯಾನ್ಸಲ್ ಮಾಡಿ ಹೊಸದು ತಗೊಳ್ಳಿ.